ಹಿಂದಿನ ಸೈಕಲ್ಲಿನ ಬೆಲ್ಲು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡಲಿಲ್ಲ. ಮೇಷ್ಟ್ರ ಮನೆಯ ಹಿಂದಿನ ಶೆಡ್ಡಿಗೆ ತಗಡಿನ ಮಾಡು. ಅದರ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬೇಕಾದರೆ ಕಿವಿಯ ಹತ್ತಿರವೇ ಬಾಯಿ ತರಬೇಕಾಗಿತ್ತು. ಮರುದಿನದ ಸವಾರಿಗೆ ಸೈಕಲ್ಲು ಸಜ್ಜು ಮಾಡಿಕೊಳ್ಳಲು ಬಂದಿದ್ದ ಹಳೇ ಸೈಕಲ್ ಬಳಗದ ಮೂವರು ಅಲ್ಲೇ ಸಿಕ್ಕಿಬಿದ್ದಿದ್ದರು. ಒಬ್ಬ ದರ್ಜಿ, ಒಬ್ಬರು ಹಲ್ಲಿನ ಡಾಕ್ಟರಮ್ಮ, ಇನ್ನೊಬ್ಬಳು ಬಳಗಕ್ಕೆ ಸೇರಿ ತಿಂಗಳೂ ಆಗದ ಬ್ಯಾಂಕಿನ ಹುಡುಗಿ. ಕತ್ತಲಾಗುವ ಹೊತ್ತಲ್ಲದಿದ್ದರೂ ಬಲ್ಬು ಹಾಕಿದ್ದರು.

ಮೇಷ್ಟ್ರ ಮಗಳು ಛತ್ರಿ ಮಡಚಿ ಒಳಗೆ ಬಂದಾಗ ಇಷ್ಟು ಜನ ಇರುತ್ತಾರೆಂದು ಎಣಿಸಿರಲಿಲ್ಲ. ಅಪ್ಪ ಒಬ್ಬರೇ ಸಿಗುತ್ತಾರೆಂದುಕೊಂಡು, ಕರವಸ್ತ್ರದಲ್ಲಿ ಸುತ್ತಿದ ಒಂದು ವಸ್ತುವನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು. ಅದು ಅವಳ ಅಮ್ಮನ ಸೈಕಲ್ಲಿನ ಬೆಲ್ಲು. ಒಂಬತ್ತು ವರ್ಷ ಅದು ಅವಳ ಬೀರುವಿನಲ್ಲಿತ್ತು. ಇನ್ನು ಆಗುವುದಿಲ್ಲ, ಅಪ್ಪನ ಹತ್ತಿರವೇ ಇರಲಿ ಎಂದು ತಂದಿದ್ದಳು. ಯಾಕೆ ಆಗುವುದಿಲ್ಲ ಎಂದು ಅಪ್ಪ ಕೇಳಿದರೆ ಏನು ಹೇಳುವುದು ಎಂಬುದು ಮಾತ್ರ ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆದಿರಲಿಲ್ಲ.

ಮೇಷ್ಟ್ರು ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಕಲಿಸಿದವರು. ಶೆಡ್ಡಿನ ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿನ ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಯಾವುದನ್ನು ತೆಗೆದರೂ ಗೋಡೆಯ ಮೇಲೆ ಅದರ ಆಕಾರ ಉಳಿಯುತ್ತಿತ್ತು. ಶೆಡ್ಡಿನ ತುದಿಯಲ್ಲಿ ಅಮ್ಮನ ಸೈಕಲ್ಲು ನಿಂತಿತ್ತು. ರಾಡ್ ಬ್ರೇಕಿನದು, ಚರ್ಮದ ಸೀಟಿನದು. ಹ್ಯಾಂಡಲಿನ ಎಡಗಡೆ, ಬೆಲ್ಲು ಇದ್ದ ಜಾಗದಲ್ಲಿ, ಬಳೆಯಗಲದ ಒಂದು ಹೊಳೆಯುವ ಗುರುತು.

"ಅಕ್ಕಾ, ನೀವು ಮೇಷ್ಟ್ರ ಮಗಳಲ್ವಾ?" ಬ್ಯಾಂಕಿನ ಹುಡುಗಿ ಕೂಗಿದಳು. "ನಾನೇ ಬ್ರೇಕ್ ರಬ್ಬರ್ ಬದಲಾಯಿಸಿದೀನಿ. ಸರಿಯಾಗಿ ಕೂತಿದೆಯಾ ಒಂಚೂರು ನೋಡ್ತೀರಾ? ನಾಳೆ ದೊಡ್ಡ ಇಳಿಜಾರು ಇದೆಯಂತೆ."

"ನಾನು ಬ್ರೇಕ್ ಮುಟ್ಟಲ್ಲ."

"ಒಂದು ನಟ್ಟು ಬಿಗಿ ಮಾಡೋದಷ್ಟೇ ಅಕ್ಕಾ."

"ಮುಟ್ಟಲ್ಲ ಅಂದ್ನಲ್ಲ."

ಹುಡುಗಿಯ ಮುಖ ಸಣ್ಣಗಾಯಿತು. ದರ್ಜಿ ಮಧ್ಯೆ ಬಂದ. "ಬಾಮ್ಮ, ನಾನು ನೋಡ್ತೀನಿ. ಜಿಪ್ಪು ಕೂರಿಸೋ ಕೈಗೆ ಬ್ರೇಕ್ ಕೂರಿಸೋದೇನು ಕಷ್ಟ."

"ನೀನು ಕೂರಿಸಿದ ಜಿಪ್ಪಿನ ಗತಿ ನಮ್ಮ ಯಜಮಾನರಿಗೆ ಗೊತ್ತು," ಡಾಕ್ಟರಮ್ಮ ಅಂದರು. "ಭಾಷಣದ ಮಧ್ಯೆ ಫೈಲು ಅಡ್ಡ ಹಿಡ್ಕೊಂಡು ನಿಂತಿದ್ರು."

ದರ್ಜಿ ನಕ್ಕು ಹುಡುಗಿಯ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಅವಳ ಕಿವಿಯ ಹತ್ತಿರ ಬಾಯಿ ತಂದು ಏನನ್ನೋ ಹೇಳತೊಡಗಿದ. ಸರಿಯಾಗಿ ಆಗಲೇ ಮಳೆ ಯಾರೋ ಕೊಳಾಯಿ ತಿರುಗಿಸಿದ ಹಾಗೆ ತಗ್ಗಿತು. ದರ್ಜಿಯ ಮಾತಿನ ಕೊನೆ ಶೆಡ್ಡಿನ ತುಂಬ ಕೇಳಿಸಿತು.

"...ಅವರಮ್ಮನ ಸೈಕಲ್ಲಿಗೆ ಬ್ರೇಕ್ ಹಾಕಿದ್ದು ಇವಳೇ. ಹಿಂದಿನ ದಿನ ಸಾಯಂಕಾಲ."

ಮಗಳಿಗೆ ಇದು ಹೊಸದಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಳತೆ ನೋಡುವವಳು, ಒಂದು ಗಾಜನ್ನು ಮೂರು ಸಲ ಅಳೆಯದೆ ಕೊಡುವವಳಲ್ಲ. ಅದು ಶ್ರದ್ಧೆ ಎಂದು ಅಂಗಡಿಯವರು ತಿಳಿದಿದ್ದರು. ಹೆದರಿಕೆ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಒಂದು ಸಂಜೆ ತನ್ನ ಕೈ ಎಲ್ಲೋ ತಪ್ಪಿದ್ದರಿಂದ ಅಮ್ಮ ಇಳಿಜಾರಿನಲ್ಲಿ ಸತ್ತಳು ಎಂಬುದನ್ನು ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ಅವಳೆದುರು ಯಾರೂ ಅದನ್ನು ಎತ್ತಿರಲಿಲ್ಲ. ಈಗ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು.

ಮೇಷ್ಟ್ರು ಆ ಕೈಗಳನ್ನು ನೋಡಿದರು. ತಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಯ ಗೆರೆಯೊಳಗೆ ತೂಗುಹಾಕಿ, ತಮ್ಮ ಸೈಕಲ್ಲಿನ ಪಕ್ಕದ ಮಣೆಯ ಮೇಲೆ ಕೂತರು.

"ಎಲ್ಲರೂ ಕೂತ್ಕೊಳ್ಳಿ. ಮಳೆ ಹೇಗೂ ಬಿಡಲ್ಲ... ಮಗಳೇ, ನೀನೂ ಕೂತ್ಕೋ. ನಿನ್ನೆದುರಿಗೇ ಹೇಳಬೇಕು."

ಅವರು ಯಾರ ಮುಖವನ್ನೂ ನೋಡಲಿಲ್ಲ. ಉಗುರಿನ ಸಂದಿಯ ಗ್ರೀಸನ್ನು ಇನ್ನೊಂದು ಉಗುರಿನಿಂದ ತೆಗೆಯುತ್ತ ಶುರು ಮಾಡಿದರು.

"ಬ್ಯಾಂಕಿನವಳೇ, ನೀನು ಅವಳನ್ನ ನೋಡಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇಪ್ಪತ್ತಾರು ವರ್ಷ ಕೂತೋಳು. ಗಂಟೆ ಹೊಡೆದ್ರೆ ಉತ್ತರ ಕೊಡಬೇಕು, ಅದು ಅವಳ ಕೆಲಸ, ಆಮೇಲಾಮೇಲೆ ಅದೇ ಅವಳ ಸ್ವಭಾವ ಆಗಿಹೋಯ್ತು. ನಾನು ಬಚ್ಚಲಿಂದ ಕೂಗಿದ್ರೂ ಅಷ್ಟೇ, ನಿದ್ದೇಲಿ ಗೊಣಗಿದ್ರೂ ಅಷ್ಟೇ, 'ಹೂಂ, ಇದೀನಿ' ಅಂತಿದ್ಲು. ನಮ್ಮನ್ನ ಜೋಡಿ ಮಾಡಿದ್ದು ದೊಡ್ಡೋರು. ನಾವಾಗಿ ಹುಡುಕ್ಕೊಂಡಿದ್ದು ಅಂದ್ರೆ ಈ ಎರಡು ಸೈಕಲ್ಲು ಮಾತ್ರ. ನಂದು ಗುಜರೀಲಿ ಸಿಕ್ತು. ಅವಳದ್ದು ಒಬ್ಬರು ನರ್ಸಮ್ಮನ ಹಿತ್ತಲಲ್ಲಿ... ಕೋಳಿಗಳು ಅದರ ಮೇಲೆ ಮಲಗ್ತಾ ಇದ್ವು. ಕೋಳೀನ ಎಬ್ಬಿಸಿ, ಸೈಕಲ್ಲು ತೊಳೆದು, ವರ್ಷಪೂರ್ತಿ ಒಂದೊಂದೇ ಸಾಮಾನು ಹುಡುಕಿ ಜೋಡಿಸಿದ್ವಿ. ರಜೆ ಬಂದ್ರೆ ಜನ ಊಟಕ್ಕೆ ಕರೀತಾರೆ, ನಾವು ಗುಜರಿ ಅಂಗಡಿ ಮುಂದೆ ಇರ್ತಿದ್ವಿ. ನೆಂಟರೆಲ್ಲ ನಗ್ತಿದ್ರು. ನಗಲಿ ಬಿಡಿ.

"ಸವಾರೀಲಿ ಅವಳು ಯಾವಾಗಲೂ ಹಿಂದೆ. ಮುಂದೆ ಹೋಗೇ ಅಂದ್ರೆ, 'ನಿಮ್ಮ ಬೆನ್ನು ನೋಡ್ಕೊಂಡು ಬರೋದೇ ಆರಾಮು, ಮುಖ ಮನೇಲಿ ದಿನಾ ನೋಡ್ತೀನಲ್ಲ' ಅಂತಿದ್ಲು. 'ನಂಗೂ ಒಂದು ದಿನ ಬರುತ್ತೆ, ಆವತ್ತು ನಾನು ಮುಂದೆ, ನೀವು ಹಿಂದೆ ಬನ್ನಿ' ಅಂತಿದ್ಲು... ಈ ಮಾತು ನೆನಪಿಟ್ಕೊಳ್ಳಿ.

"ನಮ್ಮಿಬ್ಬರದ್ದೂ ಒಂದು ಕಟ್ಟಳೆ ಇತ್ತು. ಕಟ್ಟಳೆ ಅವಳದ್ದೇ, ಎಕ್ಸ್‌ಚೇಂಜಿಂದ ತಂದಿದ್ದು. ಇಳಿಜಾರಿನ ನೆತ್ತಿ ಬಂತು ಅಂದ್ರೆ ಮುಂದಿರೋರು ನಿಲ್ಲಬೇಕು. ನಿಂತು ಬೆಲ್ಲು ಒಂದು ಸಲ. ಅಂದ್ರೆ 'ಇಳೀಲಾ?' ಅಂತ. ಹಿಂದಿರೋರು ಎರಡು ಸಲ. ಅಂದ್ರೆ 'ಬ್ರೇಕ್ ಹಿಡಿದು ನೋಡಿದೆ, ಮೈಯೂ ಸರಿಯಿದೆ, ನೀನು ಇಳಿ, ಹಿಂದೇ ಬಂದೆ' ಅಂತ. ಆ ಎರಡು ಕೇಳಿಸೋವರೆಗೂ ಇಳಿಯೋ ಹಾಗಿಲ್ಲ. ಗಾಳಿ ಬೀಸಲಿ, ಲಾರಿ ಬರಲಿ, ನಿಂತಿರಬೇಕು. ಅವಳ ಬೆಲ್ಲಿನ ಬಟ್ಟಲು ಕೂದಲೆಳೆಯಷ್ಟು ಸೀಳಿತ್ತು. ಮೊದಲನೇದು ಟ್ರಿಣ್ ಅನ್ನೋದು, ಎರಡನೇದು ಕೆಮ್ಮಿದ ಹಾಗೆ, ಟ್ರಣ್ಕ್. ಬೇರೆ ಹಾಕ್ತೀನಿ ಅಂದ್ರೆ ಬೇಡ ಅಂದ್ಲು. 'ಹೀಗೆ ಕೆಮ್ಮೋ ಬೆಲ್ಲು ಇನ್ನೊಂದಿಲ್ಲ, ಯಾವ ಗದ್ದಲದಲ್ಲೂ ನಾನೇ ಅಂತ ನಿಮಗೆ ಗೊತ್ತಾಗುತ್ತೆ.' ಹೌದು... ಗೊತ್ತಾಗುತ್ತೆ."

ಹೊರಗೆ ಸೂರಿನಿಂದ ಬಕೆಟ್ಟಿಗೆ ನೀರು ಬೀಳುವುದು ಕೇಳಿಸುತ್ತಿತ್ತು. ಮಗಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ಒಂಬತ್ತು ವರ್ಷದ ಹಿಂದೆ ಹಳೇ ಸೈಕಲ್ಲುಗಳ ದೊಡ್ಡ ಸವಾರಿ. ಕೊನೇಲಿ ಎಲ್ಲರದ್ದೂ ಫೋಟೋ. ಮೊದಲು ಬಂದು ಸೇರಿದ ಐದು ಜನಕ್ಕೆ ಮುಂದಿನ ಸಾಲು. ಹಿಂದಿನ ವರ್ಷ ನಾವು ತಡವಾಗಿ ಹೋಗಿ, ಫೋಟೋದಲ್ಲಿ ನನ್ನ ಟೋಪಿ ಮಾತ್ರ ಬಂದಿತ್ತು. ಈ ಸಲ ಏಳು ತಿಂಗಳು ಕೂತು ಡೈನಮೋ ದೀಪ ಸರಿಮಾಡಿದ್ದೆ, ಕನ್ನಡಿ ಹಾಗೆ ಉಜ್ಜಿದ್ದೆ. ಅದು ಕಾಣಬೇಕು. ಇದು, ನೋಡಿ, ಇಷ್ಟೇ ನನ್ನ ಆಸೆ... ಹೇಳಕ್ಕೇ ನಾಚಿಕೆ ಆಗುತ್ತೆ, ಏನಾದ್ರೂ ದೊಡ್ಡದಕ್ಕೆ ಮನುಷ್ಯ ಕೆಟ್ಟ ಅಂದ್ರೆ ಒಂದು ಮಾತು.

"ಹಿಂದಿನ ದಿನ ಸಾಯಂಕಾಲ ಮಗಳು ಅವಳಮ್ಮನ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರು ಹಾಕಿದ್ಲು. ನಾನು ಕಲಿಸಿದ ಕೈ. ಅವಳು ಒಳಗೆ ಹೋದ ಮೇಲೆ ನಾನು ಚಕ್ರ ಎತ್ತಿ ತಿರುಗಿಸಿ, ಹಿಡಿದು ನೋಡಿದೆ. ಮುಂದೆ, ಹಿಂದೆ, ಎರಡೂ ನೋಡಿದೆ. ಒಂದು ಚೂರೂ ತಪ್ಪಿರಲಿಲ್ಲ. ಕೇಳಿಸ್ತಾ ಮಗಳೇ? ನನ್ನ ಇಷ್ಟು ವರ್ಷದ ಹುಡುಗರಲ್ಲಿ ಯಾರೂ ಅಷ್ಟು ಚೆನ್ನಾಗಿ ಕೂರಿಸಿದ್ದಿಲ್ಲ."

ಮಗಳಿಗೆ ಕೇಳಿಸಿತು. ಆದರೆ ಅದು ಎಲ್ಲೋ ಪಕ್ಕದ ಮನೆಯವರ ಮಾತಿನ ಹಾಗೆ ಕೇಳಿಸಿತು. ಅಪ್ಪ ನೋಡಿದ್ದರೇ? ನೋಡಿ, ಸರಿಯಿದೆ ಎಂದು ತಿಳಿದಿದ್ದರೇ? ಅವಳು ಡಾಕ್ಟರಮ್ಮನ ಕಡೆ ತಿರುಗಿದಳು, ಇವರಿಗೂ ಕೇಳಿಸಿತೇ ಎನ್ನುವ ಹಾಗೆ. ಡಾಕ್ಟರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಬೆಳಿಗ್ಗೆ ಗೇಟಿನ ಹತ್ರ ಅವಳು ಎಡಗೈ ಉಜ್ಜಿಕೊಳ್ತಾ ನಿಂತಿದ್ಲು. 'ರೀ, ತೋಳು ಸೆಳೀತಿದೆ, ಬೆನ್ನೂ ಒಂಥರಾ ಭಾರ. ಇವತ್ತು ನಿಧಾನ ಹೋಗೋಣ' ಅಂದ್ಲು. ನಾನೇನಂದೆ? 'ನಾಲ್ಕು ಸಲ ಪೆಡಲ್ ತುಳಿದ್ರೆ ಬಿಟ್ಟುಹೋಗುತ್ತೆ ಬಾ' ಅಂದೆ. ಬಂದ್ಲು. ಏರು ಹತ್ತುವಾಗ ಹಿಂದೆ ಅವಳ ಉಸಿರು ಕೇಳಿಸ್ತಾ ಇತ್ತು, ಆಮೇಲೆ ದೂರ ಆಯ್ತು, ಆಮೇಲೆ ಕೇಳಿಸಲಿಲ್ಲ. ನೆತ್ತಿಗೆ ಬಂದೆ. ನಿಂತೆ. ಬೆಲ್ಲು ಒಂದು ಸಲ ಮಾಡಿದೆ... ಕಾದೆ. ಎಷ್ಟು ಹೊತ್ತು ಕಾದೆ ಅಂತೀರಿ? ಮೂರು ಉಸಿರು. ಕೆಳಗೆ ನೋಡಿದ್ರೆ ನಾಲ್ಕು ಸೈಕಲ್ಲು ಹೋಗ್ತಾ ಇವೆ. ನಾಲ್ಕು. ಐದನೇ ಜಾಗ ಒಂದಿದೆ. ಉತ್ತರ ಬಂದಿರಲಿಲ್ಲ... ಬ್ರೇಕ್ ಬಿಟ್ಟೆ. ಇಳಿದೆ.

"ಆ ಫೋಟೋ ಇದೆ. ಟ್ರಂಕಿನ ತಳದಲ್ಲಿ. ಮುಂದಿನ ಸಾಲಲ್ಲಿ ನಾನಿದೀನಿ, ದೀಪ ಚೆನ್ನಾಗಿ ಕಾಣುತ್ತೆ, ನಾನು ನಗ್ತಾ ಇದೀನಿ. ನಾನು ಹಾಗೆ ನಗ್ತಾ ನಿಂತಿರೋ ಹೊತ್ತಿಗೆ, ಅವಳು ನಂಗೋಸ್ಕರ ಒಬ್ಬಳೇ ನೆತ್ತಿ ಹತ್ತಿ, ಒಬ್ಬಳೇ ಇಳಿದು, ಅರ್ಧ ದಾರೀಲಿ ತಿರುವಿನ ತಡೆಗೋಡೆಗೆ... ಜನ ಓಡಿಬಂದು ಹೇಳಿದ್ರು.

"ಆಸ್ಪತ್ರೇಲಿ ಡಾಕ್ಟರು ಕೇಳಿದ್ರು, 'ಬೆಳಿಗ್ಗೆ ಏನಾದ್ರೂ ತೊಂದರೆ ಹೇಳಿದ್ರಾ? ಎದೆನೋವು, ಕೈನೋವು?' ಇಲ್ಲ ಅಂದೆ. 'ಇಳಿಯೋ ಮುಂಚೆ ಸರಿಯಿದ್ರಾ?' ಸರಿಯಿದ್ಲು ಡಾಕ್ಟ್ರೇ, ಎರಡು ಸಲ ಬೆಲ್ಲು ಮಾಡಿದ್ಲು, ಕೇಳಿಸ್ತು, ಆಮೇಲೇ ನಾನು ಇಳಿದಿದ್ದು ಅಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಬಾಯಿಂದ... ನಿಜ ಹೇಳೋಕೆ ಕೂಡ ನಾನು ಅಷ್ಟು ಸಲೀಸಾಗಿ ಬಾಯಿ ತೆಗೆದಿಲ್ಲ. ಪಕ್ಕದಲ್ಲಿದ್ದ ಯಾರೋ ಅಂದ್ರು, 'ಹಾಗಾದ್ರೆ ಬ್ರೇಕೇ ಕೈಕೊಟ್ಟಿರಬೇಕು.' ಮಗಳು ಗೋಡೆಗೆ ಒರಗಿ ನಿಂತಿದ್ಲು. ಆ ಮಾತು ಕೇಳಿ ಮೆಲ್ಲಗೆ ಎರಡೂ ಕೈನ ಬೆನ್ನ ಹಿಂದೆ ಇಟ್ಕೊಂಡ್ಲು. ನಾನು ನೋಡಿದೆ. ನೋಡಿ... ಸುಮ್ಮನಿದ್ದೆ. ಒಂಬತ್ತು ವರ್ಷ ಸುಮ್ಮನಿದ್ದೆ. 'ಕೊನೇ ಬೆಲ್ಲು ಆದ್ರೂ ನೀವು ಕೇಳಿಸಿಕೊಂಡ್ರಲ್ಲ ಮೇಷ್ಟ್ರೇ' ಅಂತ ಜನ ಸಮಾಧಾನ ಹೇಳಿದಾಗಲೆಲ್ಲ, ಅದನ್ನೂ ಬೆಚ್ಚಗೆ ಹೊದ್ದುಕೊಂಡೆ."

ದರ್ಜಿ ನೆಲ ನೋಡುತ್ತಿದ್ದ. ಆ ಸಮಾಧಾನ ಹೇಳಿದವರಲ್ಲಿ ಅವನೂ ಒಬ್ಬ.

ಮಗಳಿಗೆ ಎದ್ದು ಹೊರಗೆ ಮಳೆಗೆ ಹೋಗಬೇಕೆನಿಸಿತು. ಅಪ್ಪನ ಬಗ್ಗೆ ಸಿಟ್ಟು ಬರಬೇಕಾದ ಜಾಗದಲ್ಲಿ, ಅಪ್ಪ ಬಟ್ಟೆಯಿಲ್ಲದೆ ಕಣ್ಣಿಗೆ ಬಿದ್ದರೆ ಹೇಗೋ ಹಾಗೆ ನಾಚಿಕೆಯೇ ತುಂಬಿಕೊಂಡಿತ್ತು. ಅವಳು ಏಳಲಿಲ್ಲ.

"ಈಗ ಹೇಳೋದು ನಂಬಿ, ಬಿಡಿ. ಆರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಸೈಕಲ್ಲು ತೆಗೆದೆ. ಅದೇ ಏರು ಹತ್ತಿದೆ, ಅದೇ ನೆತ್ತಿ. ಬೆರಳು ತಾನಾಗಿ ಬೆಲ್ಲಿನ ಮೇಲೆ ಹೋಯ್ತು, ಒಂದು ಸಲ ಮಾಡಿದೆ. ಹಿಂದೆ, ದೂರದಲ್ಲಿ... ಟ್ರಿಣ್. ಟ್ರಣ್ಕ್.

"ಕೂದಲು ನಿಮಿರಿತು ಅಂತಾರಲ್ಲ, ಅದು ಸುಳ್ಳು. ಸೈಕಲ್ಲು ಹಿಡ್ಕೊಂಡು ಅಲ್ಲೇ ಕೂತುಬಿಟ್ಟೆ. ಹಿಂದೆ ತಿರುಗಿ ನೋಡಲಿಲ್ಲ. ನೋಡೋ ಮುಖ ನಂಗೆಲ್ಲಿತ್ತು? ಮತ್ತೆ ಯಾವತ್ತೋ ಹೋದೆ, ಮತ್ತೆ ಅದೇ. ಕಿವಿ ದೋಷ ಅಂತ ಕಿವಿ ತೋರಿಸಿದೆ. ಈ ವಯಸ್ಸಿಗೆ ಇಷ್ಟು ಒಳ್ಳೇ ಕಿವಿ ನೋಡಿಲ್ಲ ಅಂದ್ರು. ಆ ಬೆಲ್ಲು ಇವತ್ತು ಯಾವ ಸೈಕಲ್ಲಲ್ಲೂ ಇಲ್ಲ, ನೋಡ್ತಾ ಇದೀರಲ್ಲ, ಅದು ಅವತ್ತೇ ಆ ತಿರುವಲ್ಲಿ ಕಳೆದುಹೋಯ್ತು. ಆದ್ರೂ ನಾನು ಒಂದು ಸಲ ಮಾಡಿದ್ರೆ ಅದು ಎರಡು ಸಲ. ವರ್ಷ ಹೋದ ಹಾಗೆ ಹತ್ತಿರ ಬಂತು. ಹೋದ ಭಾನುವಾರ... ನನ್ನ ಕ್ಯಾರಿಯರ್ ಪಕ್ಕದಲ್ಲೇ."

"ಎಷ್ಟು ಹೊತ್ತಿಗೆ?" ಮಗಳು ಕೇಳಿದಳು. ಅಪ್ಪ ಹೇಳತೊಡಗಿದ ಮೇಲೆ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

"ಏನು?"

"ಹೋದ ಭಾನುವಾರ. ನೀವು ಬೆಲ್ಲು ಮಾಡಿದಾಗ ಎಷ್ಟು ಹೊತ್ತಾಗಿತ್ತು ಅಪ್ಪಾ?"

"ಆರೂ ಮುಕ್ಕಾಲು. ಯಾಕೆ?"

ಮಗಳು ಬ್ಯಾಗಿನಿಂದ ಕರವಸ್ತ್ರದ ಗಂಟನ್ನು ತೆಗೆದು ಬೆಂಚಿನ ಮೇಲಿಟ್ಟು ಬಿಚ್ಚಿದಳು. ಬೆಲ್ಲಿನ ಬಟ್ಟಲಿನ ಮೇಲೆ ಬಲ್ಬಿನ ಬೆಳಕು ಬಿತ್ತು. ಕೂದಲೆಳೆಯಂಥ ಸೀಳು ಕಂಡಿತು. ಹೆಬ್ಬೆರಳಿನಿಂದ ಒತ್ತುವ ಅದರ ಮೀಟುಗೋಲನ್ನು ದಾರದಿಂದ ಸುತ್ತಿ ಸುತ್ತಿ ಅಲ್ಲಾಡದ ಹಾಗೆ ಕಟ್ಟಿದ್ದಳು.

ಮೇಷ್ಟ್ರ ಕೈ ಅದರ ಕಡೆ ಹೋಗಿ, ಮುಟ್ಟದೆ ಹಿಂದೆ ಬಂತು.

"ಸೈಕಲ್ಲು ಮನೆಗೆ ತಂದ ದಿನ ನಾನೇ ಬಿಚ್ಚಿಟ್ಟುಕೊಂಡೆ," ಮಗಳು ಅಂದಳು. ಒಂದೊಂದು ಮಾತನ್ನೂ ಅಳೆದು ಇಟ್ಟ ಹಾಗಿತ್ತು. "ಬೀರುವಲ್ಲಿ ಸ್ವೆಟರುಗಳ ಕೆಳಗೆ ಇಟ್ಟಿದ್ದೆ. ಆರು ತಿಂಗಳಾದ ಮೇಲೆ ಒಂದು ಭಾನುವಾರ ತಾನಾಗಿ ಎರಡು ಸಲ ಹೊಡ್ಕೊಳ್ತು. ಆಮೇಲೆ ಎಷ್ಟೋ ಭಾನುವಾರ. ದಾರ ಕಟ್ಟಿದ ಮೇಲೂ. ಹೋದ ವಾರ ಆರೂ ಮುಕ್ಕಾಲಿಗೆ. ಅಮ್ಮ ನನ್ನನ್ನ ಕೇಳ್ತಾ ಇದಾಳೆ ಅಂದ್ಕೊಂಡಿದ್ದೆ... ಬ್ರೇಕ್ ಯಾಕೆ ಹಾಗೆ ಹಾಕ್ದೆ ಅಂತ."

"ನಿನ್ನನ್ನಲ್ಲ ಮಗಳೇ." ಮೇಷ್ಟ್ರು ಅಂದರು. "ನಿನ್ನನ್ನಲ್ಲ. ಕೇಳಿಸ್ತು ಅಂತ ನಾನು ಸುಳ್ಳು ಹೇಳಿದ್ನಲ್ಲ... ಗಂಡನ ಮಾತು ಸುಳ್ಳಾಗಬಾರದು ಅಂತ ಕೇಳಿಸ್ತಾ ಇದ್ಲು. ಸತ್ತ ಮೇಲೂ ನನ್ನ ಮುಖ ಉಳಿಸ್ತಾ ಇದ್ಲು. ಬೈದಿದ್ರೆ ತಡ್ಕೋತಿದ್ದೆ."

ಮಗಳು ಬೆಲ್ಲಿನ ದಾರವನ್ನು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ದರ್ಜಿ ಜೇಬಿನಿಂದ ಸಣ್ಣ ಕತ್ತರಿ ತೆಗೆದು ಕೊಟ್ಟ. ದಾರ ಬಿದ್ದ ಮೇಲೆ ಮೇಷ್ಟ್ರು ಪಕ್ಕದಲ್ಲಿದ್ದ ತಮ್ಮ ಸೈಕಲ್ಲಿನ ಹ್ಯಾಂಡಲಿಗೆ ಕೈ ಚಾಚಿದರು.

"ಈಗ ನಿಜ ಹೇಳಿ ಆಯ್ತು. ಇನ್ನು ಅವಳು ಕಷ್ಟಪಡಬೇಕಾಗಿಲ್ಲ. ಇನ್ನು ಕೇಳಿಸಬಾರದು."

ಅವರು ಬೆಲ್ಲನ್ನು ಒಂದು ಸಲ ಬಾರಿಸಿದರು.

ಎಲ್ಲರೂ ಬೆಂಚಿನ ಮೇಲಿದ್ದುದನ್ನೇ ನೋಡಿದರು. ಸೂರಿನ ನೀರು ಬಕೆಟ್ಟಿಗೆ ಬಿತ್ತು, ಮತ್ತೆ ಬಿತ್ತು. ಬೆಲ್ಲು ಸುಮ್ಮನಿತ್ತು.

"ಅವತ್ತೂ ಹೀಗೇ," ಮೇಷ್ಟ್ರು ಮೆಲ್ಲಗೆ ಅಂದರು. "ಇಷ್ಟೇ ಸದ್ದಿಲ್ಲದೆ ಇತ್ತು. ಇಷ್ಟು ಹೊತ್ತಿಗೆ ನಾನು ಹೊರಟುಬಿಟ್ಟಿದ್ದೆ... ಇವತ್ತು ಕಾಯೋಣ."

ಕಾದರು. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು. ಮಗಳು ಚಿಕ್ಕ ವಸ್ತುಗಳ ಅಳತೆ ನೋಡುವುದರಲ್ಲೇ ಕಣ್ಣು ಪಳಗಿದವಳು, ಮೊದಲು ನೋಡಿದ್ದು ಅವಳೇ. ಮೀಟುಗೋಲು, ಯಾರೋ ಬೆರಳಿಟ್ಟು ನಿಧಾನವಾಗಿ ಒತ್ತಿದ ಹಾಗೆ, ಅಕ್ಕಿಕಾಳಿನಷ್ಟು, ಮತ್ತೊಂದು ಅಕ್ಕಿಕಾಳಿನಷ್ಟು ಸರಿಯಿತು.

ಟ್ರಿಣ್.

ಎರಡನೆಯದಕ್ಕಾಗಿ ಶೆಡ್ಡೇ ಕಿವಿಯಾಗಿ ಕೂತಿತು. ಎರಡನೆಯದು ಬರಲಿಲ್ಲ.

"ಒಂದೇ ಆಯ್ತಲ್ಲ," ಬ್ಯಾಂಕಿನ ಹುಡುಗಿ ಪಿಸುಗುಟ್ಟಿದಳು. "ಉತ್ತರ ಅಂದ್ರೆ ಎರಡಲ್ವಾ?"

"ಇದು ಉತ್ತರ ಅಲ್ಲಮ್ಮ." ಮೇಷ್ಟ್ರ ಮುಖದಲ್ಲಿ ನಗು ಇತ್ತು. ಮಗಳು ಆ ನಗುವನ್ನು ಅಮ್ಮ ಇದ್ದಾಗ ನೋಡಿದ್ದಳು, ಆಮೇಲೆ ನೋಡಿರಲಿಲ್ಲ. "ಒಂದು ಅಂದ್ರೆ ಕೇಳೋದು. ಮುಂದಿರೋರು 'ಇಳೀಲಾ?' ಅಂತ ಕೇಳೋದು... ನಂಗೂ ಒಂದು ದಿನ ಬರುತ್ತೆ ಅಂದಿದ್ಲು, ನೋಡಿದ್ರಾ? ನನ್ನ ದಾಟಿಕೊಂಡು ಮುಂದೆ ಹೋಗಿದಾಳೆ."

ಅವರ ಹೆಬ್ಬೆರಳು ತಮ್ಮ ಬೆಲ್ಲಿನ ಮೇಲೆ ಏರಿತು. ಎರಡು ಸಲ ಒತ್ತಿದರೆ ಆಯಿತು, 'ನೀನು ಇಳಿ, ಹಿಂದೇ ಬಂದೆ.' ಅದರ ಅರ್ಥ ಏನೆಂದು ಈಗ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಗಳು ಒಂದೇ ನೆಗೆತಕ್ಕೆ ಹೋಗಿ ಅಪ್ಪನ ಬೆಲ್ಲನ್ನು ಎರಡೂ ಅಂಗೈಗಳಲ್ಲಿ ಮುಚ್ಚಿಕೊಂಡಳು. ಆ ಕೈಗಳು ಅಷ್ಟು ಬೇಗ ಮುಂದೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

"ಬೇಡ ಅಪ್ಪಾ."

"ಬಿಡು, ಬಿಡು. ಇವತ್ತು ಮಾಡಲ್ಲ."

"ಯಾವತ್ತೂ ಬೇಡ."

ಮೇಷ್ಟ್ರು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗೋಡೆಯ ಗೆರೆಯೊಳಗಿಂದ ಸ್ಪ್ಯಾನರು ತೆಗೆದು ಅವಳ ಅಂಗೈಯಲ್ಲಿಟ್ಟರು. "ಹೋಗು, ಆ ಹುಡುಗಿ ಬ್ರೇಕ್ ನೋಡು. ನಾಳೆ ಇಳಿಜಾರಿದೆ."

ಅವಳು ಮಂಡಿಯೂರಿ ಕೂತಳು. ಚಕ್ರ ಎತ್ತಿ ತಿರುಗಿಸಿದಳು, ಹಿಡಿದಳು. ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದಳು. ಬೆರಳುಗಳಿಗೆ ಎಲ್ಲ ನೆನಪಿತ್ತು. ಕಿವಿ ಮಾತ್ರ ಬೆನ್ನ ಹಿಂದೆ, ಅಪ್ಪ ಕೂತ ಕಡೆಗೇ ಇತ್ತು. ಹಿಂದಿನಿಂದ ಅವರ ಮಾತು, ಯಾರಿಗೂ ಅಲ್ಲವೆಂಬಂತೆ, ಮಳೆಯೊಡನೆ ಬಂತು.

"ನಂಗೇನೂ ಅವಸರ ಇಲ್ಲ... ಅವಳಿಗೂ ಇಲ್ಲ. ನೆತ್ತಿ ಮೇಲೆ ನಿಂತಿದಾಳೆ, ಈಗಲೂ. ಎರಡು ಕೇಳಿಸೋವರೆಗೂ ಇಳಿಯಲ್ಲ. ಎಷ್ಟು ವರ್ಷ ಆದ್ರೂ ನಿಂತಿರ್ತಾಳೆ... ಅವಳು ನನ್ನ ಹಾಗಲ್ಲ."